ಕಾಲಿನಿಂದ ಮೇಲಕ್ಕೆ: ಕೋ ಕೆರ್‌ನ ಪಾಳುಗುಡಿಗಳಲ್ಲಿ

ಕಾಂಬೋಡಿಯಕ್ಕೆ ಹೋಗುವ ನಮ್ಮ ಕಡೆಯವರು ಸಾಮಾನ್ಯವಾಗಿ ಅಂಗ್ಕೋರ್ ವಾಟ್, ಬಯೋನ್, ತಾ ಪ್ರೋಮ್ ಇಷ್ಟನ್ನು ನೋಡಿ ಬ್ಯಾಂಕಾಕಿನ ವಿಮಾನ ಹತ್ತಿಬಿಡುತ್ತಾರೆ. ಅಂಗ್ಕೋರ್ ಸಣ್ಣ ಜಾಗವೇನಲ್ಲ, ಅದರಲ್ಲೇ ದಣಿವಾಗುತ್ತದೆ, ಒಪ್ಪುತ್ತೇನೆ. ನಾನು ಮಾತ್ರ ಹೊರಟಿದ್ದು ಕೋ ಕೆರ್‌ಗಾಗಿ. ಅಂಗ್ಕೋರ್ ದಾರಿಯಲ್ಲಿ ಸಿಕ್ಕಿತು ಅಷ್ಟೆ.

ಕೋ ಕೆರ್ ಇರುವುದು ಸಿಯೆಮ್ ರೀಪ್ ಪಟ್ಟಣದಿಂದ ಈಶಾನ್ಯಕ್ಕೆ, ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಪ್ರೇಹ್ ವಿಹಿಯರ್ ಪ್ರಾಂತ್ಯದ ಕಾಡಿನೊಳಗೆ. ಕಾಂಬೋಡಿಯದ ಜನರಾದ ಖ್ಮೇರರ ದೊರೆ ನಾಲ್ಕನೆಯ ಜಯವರ್ಮ ಅಂಗ್ಕೋರನ್ನು ಬಿಟ್ಟು ಇಲ್ಲಿಂದ ಆಳಿದ. 928ರಿಂದ 944ರವರೆಗೆ ಇದು ರಾಜಧಾನಿ. ಎರಡು ದಶಕವೂ ತುಂಬಲಿಲ್ಲ. ಅವನ ನಂತರ ಬಂದ ಎರಡನೆಯ ಹರ್ಷವರ್ಮ ಮೂರು ವರ್ಷ ಆಳಿದ, ಆಮೇಲೆ ರಾಜೇಂದ್ರವರ್ಮ ಗದ್ದುಗೆಯನ್ನು ಮತ್ತೆ ಅಂಗ್ಕೋರಿಗೆ ಒಯ್ದ. ಅಷ್ಟು ಚಿಕ್ಕ ಅವಧಿಯಲ್ಲಿ ಕಾಡಿನ ನಡುವೆ ಹತ್ತಾರು ಗುಡಿಗಳು, ಒಂದು ದೊಡ್ಡ ಕೆರೆ, ಏಳು ಹಂತದ ಒಂದು ಪಿರಮಿಡ್ಡು ಎದ್ದು ನಿಂತವು. ನಮ್ಮಲ್ಲಿ ಆಗ ಪಂಪನ ಕಾಲ. ಅವನು ಮಹಾಭಾರತದ ಕಥೆಯನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದು 941ರ ಸುಮಾರಿಗೆ. ಜಯವರ್ಮ ತೀರಿಕೊಂಡಿದ್ದೂ ಹೆಚ್ಚುಕಡಿಮೆ ಅದೇ ವರ್ಷ. ಅದೇ ದಶಕಗಳಲ್ಲಿ ಕೋ ಕೆರ್‌ನ ಶಿಲ್ಪಿಗಳೂ ಭಾರತದ ಕಥೆಯನ್ನೇ ಹೇಳುತ್ತಿದ್ದರು, ಮರಳುಗಲ್ಲಿನಲ್ಲಿ. ಅವರು ಆರಿಸಿಕೊಂಡ ಪ್ರಸಂಗ ಗದಾಯುದ್ಧ. ನಾನು ಅಷ್ಟು ದೂರ ಹೋಗಲು ಇದೊಂದು ಸಂಗತಿ ಸಾಕಾಯಿತು.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಟ್ಟವನು. ರಜೆ ಸಿಕ್ಕಾಗೆಲ್ಲ ಹಳ್ಳಿಗಳ ಪಾಳುಗುಡಿಗಳಿಗೆ ಹೋಗಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬರುವುದು ಹಳೆಯ ಚಾಳಿ. ಮಕ್ಕಳಿಗೆ ಮನುಷ್ಯನ ಚಿತ್ರ ಬರೆಯಲು ಹೇಳಿದರೆ ಎಲ್ಲರೂ ಮುಖದಿಂದ ಶುರುಮಾಡಿ, ಕಾಲಿನ ಹತ್ತಿರ ಬರುವಷ್ಟರಲ್ಲಿ ಕಾಗದ ಮುಗಿಸಿರುತ್ತಾರೆ. ಕೆಲವರು ಜಾಣತನ ಮಾಡಿ ಪಾದದ ಜಾಗದಲ್ಲಿ ಹುಲ್ಲು ಬೆಳೆಸುತ್ತಾರೆ. ಹಾಗಾಗಿ ಪಾದದಿಂದ ಬರೆಸುವುದು ನನ್ನ ಪಾಠ. ಒಂದು ಆಕೃತಿಯ ಭಾರ ಎಲ್ಲಿ ಇಳಿಯುತ್ತಿದೆ ಎಂದು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ. ಕೋ ಕೆರ್‌ನಲ್ಲಿ ಈ ಅಭ್ಯಾಸ ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ಮೇಲೆ ನೋಡಲು ಉಳಿದಿರುವುದು ಕಡಿಮೆ, ನೋಡಬೇಕಾದ್ದೆಲ್ಲ ನೆಲಮಟ್ಟದಲ್ಲಿದೆ.

ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಗುಡಿ. ಈ ಕ್ರಮವನ್ನು ಬದಲಿಸಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೋ ಕೆರ್‌ನ ವಿಗ್ರಹಗಳ ದೇಹಗಳು ನೋಮ್ ಪೆನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಕೋ ಕೆರ್‌ನಲ್ಲಿರುವುದು ಅವು ನಿಂತಿದ್ದ ಜಾಗ. ಖಾಲಿ ಜಾಗವನ್ನು ಮೊದಲು ನೋಡಿದರೆ ಅದು ಬರೀ ಖಾಲಿ ಜಾಗ.

ನೋಮ್ ಪೆನ್‌ನಲ್ಲಿ ಆ ಕೆಂಪು ಕಟ್ಟಡದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಕುಳಿತೆ. ನನ್ನ ಹೆಂಡತಿ ಒಳಗಿನ ಅಂಗಳದ ತಾವರೆಕೊಳದ ಬಳಿ ನೆರಳು ನೋಡಿಕೊಂಡು, "ನಿಮ್ಮದು ಮುಗಿದ ಮೇಲೆ ಕರೆಯಿರಿ" ಎಂದಳು. ಅವಳಿಗೆ ನನ್ನ ವೇಗ ಗೊತ್ತು. ಒಳಗೆ ಕಾಲಿಟ್ಟೊಡನೆ ಎದುರಾಗುವುದು ಕೋ ಕೆರ್‌ನಿಂದ ಬಂದ ಎರಡು ಮೀಟರಿಗೂ ಎತ್ತರದ ಗರುಡ. ಅದರ ಮುಂದೆ ಎಲ್ಲರೂ ಫೋಟೋಕ್ಕೆ ನಿಲ್ಲುತ್ತಾರೆ. ನಾನು ಹುಡುಕಿದ್ದು ವಾಲಿ ಸುಗ್ರೀವರನ್ನು. ಪ್ರಸಾತ್ ಚೆನ್ ಎಂಬ ಗುಡಿಯ ಪೂರ್ವದ ಬಾಗಿಲಲ್ಲಿದ್ದ ಜೋಡಿ ಅದು. ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಬೆನ್ನು ಬಿಲ್ಲಾಗಿಸಿ, ಒಬ್ಬನ ಕಾಲು ಇನ್ನೊಬ್ಬನ ಕಾಲಿಗೆ ತೊಡರಿಕೊಂಡಿದೆ. ಸುತ್ತಲೂ ನಡೆದು ನೋಡಬಹುದಾದ ಪೂರ್ಣ ಶಿಲ್ಪ, ಗೋಡೆಗೆ ಅಂಟಿದ ಉಬ್ಬುಗೆತ್ತನೆಯಲ್ಲ. ಖ್ಮೇರ್ ದೇವತೆಗಳು ಸಾಮಾನ್ಯವಾಗಿ ಎದೆ ಸೆಟೆಸಿ, ಎರಡೂ ಕಾಲಿನ ಮೇಲೆ ಸಮವಾಗಿ ನಿಂತಿರುತ್ತಾರೆ. ಅವರ ಕಣಕಾಲು ಗಮನಿಸಿ: ದಪ್ಪ, ಮೊದ್ದು, ಅಂದವಿಲ್ಲ. ಹಿಂದೆ ಆಸರೆಯಿಲ್ಲದೆ ನಿಲ್ಲುವ ಕಲ್ಲಿನ ದೇಹದ ಭಾರವೆಲ್ಲ ಅಲ್ಲಿಗೇ ಇಳಿಯುವುದರಿಂದ ಶಿಲ್ಪಿ ಅಲ್ಲಿ ಅಂದ ಬಿಟ್ಟು ಗಟ್ಟಿತನವನ್ನು ಆರಿಸಿಕೊಂಡಿದ್ದಾನೆ. ಕೋ ಕೆರ್‌ನವರು ಈ ಕಟ್ಟುಪಾಡಿಗೆ ಬಗ್ಗಲಿಲ್ಲ. ಆಳೆತ್ತರಕ್ಕೂ ಮೀರಿದ ಕಲ್ಲನ್ನು ಕುಸ್ತಿಗೆ ಬಿಟ್ಟರು.

ಭೀಮ ದುರ್ಯೋಧನರು ಅದೇ ಗುಡಿಯ ಪಶ್ಚಿಮದ ಬಾಗಿಲಿನವರು. ಎದುರುಬದುರು ನಿಂತು, ಸುತ್ತ ಬಲರಾಮನೂ ಪಾಂಡವರೂ ಕುಳಿತು ನೋಡುವ ಹಾಗೆ ಇಡೀ ಪ್ರಸಂಗವನ್ನೇ ನಿಲ್ಲಿಸಿದ್ದರು. ದುರ್ಯೋಧನ ಮೊಣಕಾಲು ಮಡಿಸಿ ಮೇಲಕ್ಕೆ ಹಾರಲು ಅಣಿಯಾಗಿದ್ದಾನೆ. ಅವನು ಹಾರಿದಾಗಲೇ ಅಲ್ಲವೇ ಭೀಮನ ಗದೆ ತೊಡೆಗೆ ಬೀಳುವುದು! ಶಿಲ್ಪಿ ಹಿಡಿದಿರುವುದು ಅದಕ್ಕಿಂತ ಒಂದು ಗಳಿಗೆ ಮುಂಚಿನದನ್ನು, ಇನ್ನೂ ಯಾರೂ ಸೋಲದ ಗಳಿಗೆಯನ್ನು. ರನ್ನನನ್ನು ಓದಿದ ಕನ್ನಡಿಗನಿಗೆ ದುರ್ಯೋಧನನ ಮೇಲೆ ಒಂದು ಬಗೆಯ ಮಮತೆ ಇರುತ್ತದೆ. ಕೊಳದ ನೀರಿನಲ್ಲಿ ಮುಳುಗಿದ್ದೂ ಬೆವರಿದವನು ಅವನು. ರನ್ನ ಬರೆದದ್ದು ಈ ಕಲ್ಲು ಕಡೆದ ಅರ್ಧ ಶತಮಾನಕ್ಕೂ ಮೇಲೆ, ಸಾವಿರಾರು ಮೈಲಿ ದೂರದಲ್ಲಿ. ಆದರೂ ಈ ದುರ್ಯೋಧನನ ಮುಖದಲ್ಲಿ ಖಳನ ಒಂದು ಗೆರೆಯೂ ಇಲ್ಲ. ಕಿರೀಟ, ಕಂಠಾಭರಣ, ತುಟಿಯಂಚಿನ ನಗೆ, ಎಲ್ಲವೂ ರಾಜನದೇ. ಅವನನ್ನು ಬರೆಯುತ್ತಾ ಅವನ ಕಣಕಾಲಿನ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ಎರಡೂ ಕಾಲಿನಲ್ಲಿ ಅಡ್ಡಲಾಗಿ ಮುರಿದ ಗೆರೆ.

ಆ ಗೆರೆಯ ಕಥೆ ಗೊತ್ತಿದ್ದೇ ಹೋಗಿದ್ದೆ. 1970ರ ದಶಕದ ಆರಂಭ, ದೇಶದಲ್ಲಿ ಅಂತರ್ಯುದ್ಧ. ಕಾಡಿನೊಳಗಿನ ಗುಡಿಗೆ ಕಾವಲಿರಲಿಲ್ಲ. ಕಳ್ಳರು ವಿಗ್ರಹಗಳನ್ನು ಕಣಕಾಲಿನಲ್ಲಿ ಮುರಿದು ದೇಹವನ್ನಷ್ಟೇ ಸಾಗಿಸಿದರು. ಪಾದಗಳು ಪೀಠಕ್ಕೆ ಸೇರಿಕೊಂಡೇ ಉಳಿದವು. ದುರ್ಯೋಧನ 1975ರಲ್ಲಿ ಲಂಡನ್ನಿನಲ್ಲಿ ಮಾರಾಟವಾದ. ಭೀಮ ಕ್ಯಾಲಿಫೋರ್ನಿಯದ ನಾರ್ಟನ್ ಸೈಮನ್ ವಸ್ತುಸಂಗ್ರಹಾಲಯ ಸೇರಿದ. ನೋಡುತ್ತಾ ಕುಳಿತಿದ್ದ ಇಬ್ಬರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಬಾಗಿಲ ಎರಡು ಬದಿಗೆ ಕುಳಿತರು. ಪ್ರಾಕ್ತನಶಾಸ್ತ್ರಜ್ಞರು ಪ್ರಸಾತ್ ಚೆನ್‌ನ ಆ ಪಾದಗಳನ್ನು ಅಧ್ಯಯನ ಮಾಡಿ, ಯಾವ ಪಾದ ಯಾವ ದೇಶದಲ್ಲಿರುವ ದೇಹದ್ದು ಎಂದು ಹೊಂದಿಸಿದರು. 2011ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜು ಸಂಸ್ಥೆ ದುರ್ಯೋಧನನನ್ನು ಹರಾಜಿಗೆ ಇಟ್ಟಾಗ ಕಾಂಬೋಡಿಯ ಆಕ್ಷೇಪಿಸಿತು, ಹರಾಜು ನಿಂತಿತು, ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. 2013ರಲ್ಲಿ ಮೆಟ್ರೊಪಾಲಿಟನ್‌ನ ಇಬ್ಬರು, 2014ರಲ್ಲಿ ದುರ್ಯೋಧನ, ಭೀಮ, ಬಲರಾಮ, 2015ರಲ್ಲಿ ಕ್ಲೀವ್‌ಲ್ಯಾಂಡಿನಿಂದ ಹನುಮಂತ, ಹೀಗೆ ಒಬ್ಬೊಬ್ಬರಾಗಿ ಊರಿಗೆ ಬಂದರು. ಮುರಿದವರು ಹೊತ್ತೊಯ್ಯಲಾಗದೆ ಬಿಟ್ಟುಹೋದ ಭಾಗವೇ ಸಾಕ್ಷಿಯಾಯಿತು.

ಸಿಯೆಮ್ ರೀಪ್‌ನಿಂದ ಕೋ ಕೆರ್‌ಗೆ ಬಾಡಿಗೆ ಕಾರು ಮಾಡಿಕೊಳ್ಳುವುದೇ ಸರಿ. ಟುಕ್‌ಟುಕ್‌ನವರು ಬರುತ್ತೇವೆ ಎನ್ನುತ್ತಾರೆ, ಆದರೆ ಅಷ್ಟು ದೂರ ಅದರಲ್ಲಿ ಕುಳಿತರೆ ಇಳಿಯುವಾಗ ಸೊಂಟ ಇರುವುದಿಲ್ಲ. ಬಹುತೇಕ ಕಾರಿನವರು ಬೆಂಗ್ ಮಿಯಲಿಯ ಗುಡಿಯನ್ನೂ ಸೇರಿಸಿ, ಬೆಳಿಗ್ಗೆ ಹೊರಟು ಸಂಜೆಗೆ ವಾಪಸು ಎಂದು ಒಂದೇ ದಿನದ ಲೆಕ್ಕ ಹೇಳುತ್ತಾರೆ. ಆ ಲೆಕ್ಕದಲ್ಲಿ ಕೋ ಕೆರ್‌ಗೆ ಸಿಗುವುದು ನಡುಹಗಲಿನ ಎರಡು ಮೂರು ಗಂಟೆ: ಬಿಸಿಲು ನೆತ್ತಿಯ ಮೇಲೆ, ಕೆತ್ತನೆಗೆ ನೆರಳೇ ಇಲ್ಲ, ಪಿರಮಿಡ್ಡು ಹತ್ತಿ ಇಳಿಯುವಷ್ಟರಲ್ಲಿ ಮುಗಿಯಿತು. ನಾವು ಹತ್ತಿರದ ಸ್ರಯಾಂಗ್ ಹಳ್ಳಿಯಲ್ಲಿ ರಾತ್ರಿ ಉಳಿಯುವುದೆಂದು ಚಾಲಕನ ಜೊತೆ ಮೊದಲೇ ಮಾತಾಡಿಕೊಂಡೆವು. ಅವನ ಊಟ ಮತ್ತು ಕೋಣೆ ನಮ್ಮ ಖರ್ಚು. ಮೂವತ್ತರ ಆಸುಪಾಸಿನ ಹುಡುಗ, ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. ನನ್ನ ಬಿಳಿ ತಲೆ ನೋಡಿ ಮೊದಲ ಗಂಟೆಯಲ್ಲೇ 'ತಾ' ಎಂದು ಕರೆಯತೊಡಗಿದ, ಅಂದರೆ ಅಜ್ಜ. ಹೆಂಡತಿಗೆ ಅದು ಬಹಳ ಹಿಡಿಸಿತು.

ದಾರಿಯಲ್ಲಿ ಪ್ರೇಹ್ ಡಾಕ್ ಹಳ್ಳಿಯ ರಸ್ತೆ ಪಕ್ಕ ತಾಳೆಬೆಲ್ಲ ಕಾಯಿಸುತ್ತಾರೆ. ದೊಡ್ಡ ಬಾಣಲೆಯ ನೊರೆ, ಹೊಗೆ, ಅಚ್ಚಿಗೆ ಸುರಿಯುವ ಅವಸರ. ಒಂದು ಪೊಟ್ಟಣ ಕೊಂಡೆವು, ಅದು ಮುಂದೆ ಕಾಡಿನಲ್ಲಿ ನೀರಿನ ಜೊತೆ ಬಾಯಿಗೆ ಹಾಕಿಕೊಳ್ಳಲು ಆಯಿತು. ಬಿದಿರಿನ ಅಂಡೆಯಲ್ಲಿ ಅಂಟಕ್ಕಿ, ತೆಂಗಿನ ಹಾಲು, ಕಾಳು ಹಾಕಿ ಸುಡುವ ಕ್ರಲಾನ್ ಎಂಬ ತಿಂಡಿಯೂ ಸಿಗುತ್ತದೆ. ಮಾಂಸ ತಿನ್ನದವರಿಗೆ ಈ ದೇಶದ ಹಳ್ಳಿಗಾಡಿನಲ್ಲಿ ದೊಡ್ಡ ಆಸರೆ ಅದು. ಮೀನಿನ ಸಾರ ಬೀಳದ ಪಲ್ಯ ಸಿಗುವುದು ಕಷ್ಟ. ಅನ್ನ, ಮೊಟ್ಟೆ, ಬಾಳೆಹಣ್ಣು, ಎಳನೀರಿನಲ್ಲಿ ಸುಧಾರಿಸಿಕೊಳ್ಳಬೇಕು. ನಾವು ಚಟ್ನಿಪುಡಿ ಒಯ್ದಿದ್ದೆವು, ಹೇಳಬೇಕಾಗಿಯೇ ಇಲ್ಲ.

ಬೆಳಗಿನ ಜಾವ ಸ್ರಯಾಂಗ್‌ನಿಂದ ಹೊರಟಾಗ ಚಳಿ ಇತ್ತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೋದರೆ ಮಳೆಯೂ ಇಲ್ಲ, ಏಪ್ರಿಲ್ಲಿನ ಉರಿಯೂ ಇಲ್ಲ. ಟಿಕೆಟ್ಟಿಗೆ ತಲೆಗೆ 15 ಡಾಲರ್. ಅಂಗ್ಕೋರಿನ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಡಾಲರ್ ನೋಟು ಸ್ವಲ್ಪ ಹರಿದಿದ್ದರೂ ಈ ದೇಶದಲ್ಲಿ ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಗರಿಗರಿ ನೋಟುಗಳನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದೆ.

ಮೊದಲು ಸಿಕ್ಕಿದ್ದು ಪ್ರಸಾತ್ ಪ್ರಾಮ್. ಐದು ಗುಡಿಗಳು, ಹೆಚ್ಚಿನವು ಇಟ್ಟಿಗೆಯವು, ಎರಡನ್ನು ಮರದ ಬೇರುಗಳು ಅಪ್ಪಿಕೊಂಡಿವೆ. ಎಲ್ಲರೂ ತೆಗೆಯುವ ಫೋಟೋ ಇದು, ನಾನೂ ತೆಗೆದೆ. ಬೇರಿನ ಚಂದಕ್ಕಿಂತ ಇಟ್ಟಿಗೆಯ ಕೆಲಸದಲ್ಲಿ ನನಗೆ ಹೆಚ್ಚು ರುಚಿ. ಹತ್ತಿರ ಹೋಗಿ ನೋಡಿ, ಎರಡು ಇಟ್ಟಿಗೆಯ ನಡುವೆ ಉಗುರು ತೂರುವುದಿಲ್ಲ. ನಮ್ಮಲ್ಲಿ ಹಾಕುವ ಹಾಗೆ ದಪ್ಪ ಗಾರೆಯಿಲ್ಲ; ತೆಳುವಾದ ಅಂಟಿನಿಂದ ಕೂಡಿಸಿ, ಮುಖ ಉಜ್ಜಿ ಸಮ ಮಾಡಿದ್ದಾರೆ. ಮೇಲಿನ ಗಾರೆಯ ಅಲಂಕಾರ ಉದುರಿಹೋಗಿ ಈಗ ಕಾಣುವುದು ಬರೀ ಇಟ್ಟಿಗೆಯ ಮೈ.

ಪ್ರಸಾತ್ ಚೆನ್‌ಗೆ ಚಾಲಕರು ತಾವಾಗಿ ನಿಲ್ಲಿಸುವುದಿಲ್ಲ, ಕೇಳಿ ನಿಲ್ಲಿಸಿಕೊಳ್ಳಬೇಕು. ನಮ್ಮ ಹುಡುಗ "ಅಲ್ಲೇನೂ ಇಲ್ಲ ತಾ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಜಂಬಿಟ್ಟಿಗೆಯ ಗುಡಿಗಳು, ಕುಸಿದ ಪ್ರಾಕಾರ, ತರಗೆಲೆ, ಕಲ್ಲಿನ ರಾಶಿ. ಜಂಬಿಟ್ಟಿಗೆ ಎಂದರೆ ನಮ್ಮ ಕರಾವಳಿಯವರು ಮನೆ ಕಟ್ಟುವ ಅದೇ ಮುರಕಲ್ಲು. ತೂತುತೂತಾದ ಅದರ ಮೈಯಲ್ಲಿ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಗೋಡೆಗೆ ಜಂಬಿಟ್ಟಿಗೆ, ಬಾಗಿಲುವಾಡಕ್ಕೂ ವಿಗ್ರಹಕ್ಕೂ ಮರಳುಗಲ್ಲು ಎಂದು ಹಂಚಿಕೊಂಡಿದ್ದಾರೆ. ಪಶ್ಚಿಮದ ಬಾಗಿಲಿನ ಕಡೆಗೆ ಸುತ್ತಿ ಬಂದೆ. ಹೋಗಿ ನಿಂತಾಗ ತಿಳಿದ ಮೊದಲ ಸಂಗತಿ, ಆ ಜಾಗ ಎಷ್ಟು ಇಕ್ಕಟ್ಟು ಎಂಬುದು. ವಸ್ತುಸಂಗ್ರಹಾಲಯದಲ್ಲಿ ಭೀಮ ದುರ್ಯೋಧನರ ಸುತ್ತ ಗಾಳಿ ಬೆಳಕು ಧಾರಾಳ. ಇಲ್ಲಿ ಅವರು ಒಂದು ಬಾಗಿಲಕೋಣೆಯೊಳಗೆ, ಮಾಡಿನ ಕೆಳಗೆ, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಿದ್ದರು. ಒಳಗೆ ಬರುವವನು ಕಾದಾಟದ ಮಗ್ಗುಲಲ್ಲೇ ಹಾದುಹೋಗಬೇಕು. ಗದೆ ಬೀಸಿದರೆ ತನಗೇ ತಾಗೀತು ಎನ್ನುವಂಥ ಇಕ್ಕಟ್ಟು. ನೋಮ್ ಪೆನ್‌ನಲ್ಲಿ ಮಾಡಿಕೊಂಡಿದ್ದ ಚಿತ್ರವನ್ನು ನೆಲದ ಮೇಲಿಟ್ಟು, ಯಾರು ಯಾವ ಕಡೆಗೆ ಮುಖ ಮಾಡಿರಬಹುದು ಎಂದು ಹೆಜ್ಜೆ ಹಾಕಿ ನೋಡಿದೆ. ಹೆಂಡತಿಯನ್ನು ದುರ್ಯೋಧನನ ಜಾಗದಲ್ಲಿ ನಿಲ್ಲಿಸಿದೆ. "ಹಾರಬೇಕೇನು?" ಎಂದಳು. ಬೇಡವೆಂದೆ. ಅಳತೆಪಟ್ಟಿ ತೆಗೆಯುವ ಆಸೆಯಿತ್ತು, ಆದರೆ ಅಲ್ಲಿ ಕಾವಲಿನವರು ಓಡಾಡುತ್ತಾರೆ. ಅನುಮತಿಯಿಲ್ಲದೆ ಅಳೆಯುವುದು, ಕಲ್ಲು ಸರಿಸುವುದು, ಕಾಗದ ಒತ್ತಿ ಅಚ್ಚು ತೆಗೆಯುವುದು ಇವಾವುದೂ ಕೂಡದು. ಇಷ್ಟೆಲ್ಲ ಕಳವಾದ ಊರಿನಲ್ಲಿ ಅನುಮಾನ ಪಡುವುದು ನ್ಯಾಯವೇ.

ಮರದ ನೆರಳಿನಲ್ಲಿ ಕುಳಿತಿದ್ದಾಗ ಹುಡುಗ ಒಂದು ದೊಡ್ಡ ಮರದ ಬುಡ ತೋರಿಸಿದ. ಗೂಡಿನ ಹಾಗೆ ಕೊರೆದು ಒಳಗೆ ಸುಟ್ಟ ಕರಿ. ಹಳ್ಳಿಯವರು ಹೀಗೆ ಬುಡ ಕೊರೆದು, ಬೆಂಕಿ ತಾಗಿಸಿ, ಇಳಿಯುವ ರಾಳವನ್ನು ತುಂಬಿಕೊಳ್ಳುತ್ತಾರೆ. ಪಂಜಿಗೆ, ದೋಣಿಯ ಸಂದಿ ಮುಚ್ಚಲಿಕ್ಕೆ ಅದು ಬೇಕು. ಗೂಡಿನ ಅಂಚಿನಲ್ಲಿ ಹೊಸ ರಾಳ ಜಿನುಗಿ ಹೊಳೆಯುತ್ತಿತ್ತು, ಮೂಸಿದರೆ ಘಾಟು.

ಶಾಸನಗಳಿಗಾಗಿ ಪ್ರಸಾತ್ ಕ್ರಚಾಪ್‌ಗೆ ಹೋಗಲೇಬೇಕು. ಅಲ್ಲಿನ ಬಾಗಿಲಿನ ಚೌಕಟ್ಟು ಕಂಬಗಳ ಮೇಲೆ ಸಾಲುಸಾಲಾಗಿ ಅಕ್ಷರ. ಸುಣ್ಣ ಬಳಿಯದೆ, ನೀರು ಹಾಕದೆ ಓದಲು ನಾನು ಎಲ್ಲ ಕಡೆಯೂ ಮಾಡುವುದು ಒಂದೇ ಉಪಾಯ: ಸಣ್ಣ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ತಾಗಿಸಿ, ಬೆಳಕು ಪಕ್ಕದಿಂದ ಜಾರುವಂತೆ ಹಿಡಿಯುವುದು. ಎದುರಿನಿಂದ ಬಿಟ್ಟ ಬೆಳಕಿನಲ್ಲಿ ಸಪಾಟಾಗಿ ಕಾಣುವ ಕಲ್ಲು, ಪಕ್ಕದ ಬೆಳಕಿನಲ್ಲಿ ಒಮ್ಮೆಗೇ ಅಕ್ಷರ ತುಂಬಿಕೊಳ್ಳುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಟಾರ್ಚೂ ಬೇಡ. ಖ್ಮೇರ್ ಲಿಪಿಯೂ ನಮ್ಮ ಹಳಗನ್ನಡ ಲಿಪಿಯೂ ದಕ್ಷಿಣದ ಬ್ರಾಹ್ಮಿಯ ಸಂತಾನ. ನಮ್ಮ ಶಾಸನಗಳನ್ನು ಒಂದಿಷ್ಟು ತಡಕಾಡಿದವನಿಗೆ ಹತ್ತನೆಯ ಶತಮಾನದ ಖ್ಮೇರ್ ಅಕ್ಷರಗಳಲ್ಲಿ ಕೆಲವು ಕೈಗೆ ಸಿಗುತ್ತವೆ. ತ, ನ, ಮ ಎಂದು ಹೆಕ್ಕುತ್ತಾ ಒಂದು ಕಡೆ 'ಶ್ರೀ' ಸಿಕ್ಕಿತು. ಅಷ್ಟೇ, ವಾಕ್ಯ ಓದಲಿಕ್ಕೆ ಹಳೆಯ ಖ್ಮೇರ್ ಭಾಷೆ ಬರಬೇಕು. ಕೋ ಕೆರ್‌ನ ಶಾಸನಗಳಲ್ಲಿ ಸಂಸ್ಕೃತ ಶ್ಲೋಕಗಳಿವೆ, ಕಾಲ ಹೇಳಲು ನಮ್ಮದೇ ಶಕವರ್ಷವಿದೆ. ಅದಕ್ಕಿಂತ ಹೆಚ್ಚಾಗಿ ಖ್ಮೇರ್ ಭಾಷೆಯಲ್ಲಿ ಉದ್ದುದ್ದ ಹೆಸರಿನ ಪಟ್ಟಿಗಳಿವೆ. ರಾಜ್ಯದ ಬೇರೆ ಬೇರೆ ಸೀಮೆಗಳಿಂದ ಗುಡಿಯ ಚಾಕರಿಗೆ ಒಪ್ಪಿಸಿದ ಜನರ ಹೆಸರುಗಳು ಅವು. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟೊಂದು ಕಲ್ಲು ಹೇಗೆ ಎದ್ದಿತು ಎಂಬ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿದೆ. ದೊರೆಯ ಹೊಗಳಿಕೆಯ ಶ್ಲೋಕಕ್ಕಿಂತ ನನಗೆ ಅದೇ ಹೆಚ್ಚು ಬೆಲೆಯದಾಗಿ ಕಂಡಿತು. ಇದೇ ಗುಡಿಯಿಂದ ನವಿಲೇರಿದ ಸ್ಕಂದನ ವಿಗ್ರಹವೊಂದು 1990ರ ದಶಕದಲ್ಲಿ ಕಳವಾಗಿ ಅಮೆರಿಕ ಸೇರಿತ್ತು.

ಕೆರೆಯ ಆಚೆ ಬದಿಗೆ ಲಿಂಗದ ಗುಡಿಗಳ ಸಾಲು. ಕೆರೆಗೆ ರಾಹಲ್ ಎನ್ನುತ್ತಾರೆ, ಒಂದು ಕಿಲೋಮೀಟರಿಗೂ ಉದ್ದ. ನಾವು ಹೋದಾಗ ಬಹುಭಾಗ ಗದ್ದೆ ಹುಲ್ಲುಗಾವಲಿನಂತೆ ಕಾಣುತ್ತಿತ್ತು. ಈ ಗುಡಿಗಳಲ್ಲಿ ಒಂದೊಂದಕ್ಕೂ ಒಂದೇ ಕೋಣೆ, ಕೋಣೆಯ ತುಂಬ ಒಂದೇ ಲಿಂಗ. ಕಳ್ಳರು ಇವನ್ನು ಬಿಟ್ಟದ್ದಕ್ಕೆ ಭಕ್ತಿ ಕಾರಣವಲ್ಲ, ತೂಕ ಕಾರಣ. ಲಿಂಗವೂ ಪಾಣಿಪೀಠವೂ ಎಷ್ಟು ದೊಡ್ಡವೆಂದರೆ ಅವುಗಳನ್ನು ಬಾಗಿಲಿನಿಂದ ಹೊರತರುವುದು ಆಗದ ಮಾತು; ಅವನ್ನು ನಿಲ್ಲಿಸಿದ ಮೇಲೆಯೇ ಸುತ್ತ ಗೋಡೆ ಎಬ್ಬಿಸಿರಬೇಕು. ಒಳಗೆ ಪ್ರದಕ್ಷಿಣೆ ಹಾಕಲು ಜಾಗ ಸಾಲದು.

ಇಲ್ಲಿ ಕಣ್ಣು ಚುರುಕಾಗಿದ್ದು ನನ್ನ ಹೆಂಡತಿಯದು. ನಾನು ಲಿಂಗದ ಮೇಲ್ಭಾಗ ಬರೆಯುತ್ತಿದ್ದರೆ ಅವಳು ಹೊರಗೆ ಗೋಡೆಯ ಸುತ್ತ ನಡೆದು, "ಇಲ್ಲಿ ಬನ್ನಿ, ಅಭಿಷೇಕದ ನೀರು ಹೊರಗೆ ಬರುವ ಕಂಡಿ ಇದೆ" ಎಂದು ಕರೆದಳು. ಹೌದು, ಗೋಡೆಯ ಬುಡದಲ್ಲಿ ಕೊರೆದ ತೂತು. ಪೀಠದ ಹರಿನಾಳದಿಂದ ಹೊರಟ ನೀರು ಗೋಡೆಯನ್ನು ದಾಟಿ ಹೊರಗೆ ಬೀಳುವ ಏರ್ಪಾಡು. ಒಳಗೆ ದೊರೆ ಮತ್ತು ಅರ್ಚಕರು, ಹೊರಗೆ ಕಂಡಿಯ ಕೆಳಗೆ ಕೈಯೊಡ್ಡಿದ ಜನ, ಹೀಗೇ ನಡೆಯುತ್ತಿತ್ತೆಂದು ಊಹಿಸುತ್ತಾರೆ. ಶಿವನ ಗುಡಿಯಲ್ಲಿ ಸೋಮಸೂತ್ರ, ಅಂದರೆ ಅಭಿಷೇಕದ ನೀರು ಹರಿಯುವ ದಾರಿ, ದಾಟಬಾರದು ಎಂದು ಚಿಕ್ಕಂದಿನಲ್ಲಿ ಕಲಿತವಳು ಆಕೆ. ಪಾಳುಗುಡಿಯಲ್ಲೂ ದಾಟದೆ, ಬಂದ ದಾರಿಯಲ್ಲೇ ಹಿಂದಿರುಗಿ ಇನ್ನೊಂದು ಬದಿಯಿಂದ ಬಂದಳು. ನೀರಿನ ಕಂಡಿಯ ಕೆಳಗಿನ ಕಲ್ಲು ಉಳಿದ ಕಲ್ಲಿಗಿಂತ ನುಣುಪು.

ಪ್ರಸಾತ್ ಥೋಮ್ ಮುಖ್ಯ ಗುಡಿ, ಅದನ್ನು ಮಧ್ಯಾಹ್ನದ ಮೇಲಕ್ಕೆ ಉಳಿಸಿಕೊಂಡಿದ್ದೆವು. ಅಂಗ್ಕೋರಿನ ದೊಡ್ಡ ಗುಡಿಗಳು ಸಾಮಾನ್ಯವಾಗಿ ಚೌಕದೊಳಗೆ ಚೌಕ. ಇಲ್ಲಿ ಎಲ್ಲವೂ ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಗೆರೆಯಲ್ಲಿ. ಮೊದಲು ಪ್ರಸಾತ್ ಕ್ರಹೋಮ್ ಎಂಬ ಕೆಂಪು ಇಟ್ಟಿಗೆಯ ಗೋಪುರ. ಕುಣಿಯುವ ಶಿವನ ಬೃಹತ್ ವಿಗ್ರಹ ಇದರೊಳಗೆ ಇತ್ತು. ಅದು ಸಾವಿರಾರು ಚೂರುಗಳಾಗಿ ಒಡೆದು ಸಿಕ್ಕಿದ್ದು, ಚೂರುಗಳನ್ನು ಕೂಡಿಸುವ ಕೆಲಸ ತಜ್ಞರಿಗೆ ವರ್ಷಗಟ್ಟಲೆ ಹಿಡಿಸಿದೆ. ಅದರಾಚೆ ಕಂದಕ, ಕಂದಕದಾಚೆ ಒಂದೇ ಜಗತಿಯ ಮೇಲೆ ಒಂಬತ್ತು ಪುಟ್ಟ ಗುಡಿಗಳು, ಸುತ್ತ ಇನ್ನೂ ಹನ್ನೆರಡು. ಇಲ್ಲಿ ಗುಡಿಗಿಂತ ಬಿದ್ದ ಕಲ್ಲುಗಳನ್ನು ನೋಡುತ್ತಾ ಸಾಗಿದೆ. ನೆಲದ ಮೇಲಿನ ಪೀಠಗಳಲ್ಲಿ ಚೌಕಾಕಾರದ ಕುಳಿಗಳಿರುತ್ತವೆ, ವಿಗ್ರಹದ ಬುಡದ ಗೂಟ ಕೂರಿಸಲು. ಕುಳಿಯ ಅಳತೆ ನೋಡಿದರೆ ಮೇಲೆ ನಿಂತಿದ್ದವನ ಗಾತ್ರ ಅಂದಾಜಿಗೆ ಸಿಗುತ್ತದೆ. ಕುಳಿಯ ಅಂಚು ಒಡೆದಿದ್ದರೆ ಮೀಟಿ ಎಬ್ಬಿಸಿದ್ದಾರೆ. ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದರೆ ಪಾಳು ಎಂಬುದು ಕಾಲದ ಕೆಲಸ ಮಾತ್ರವಲ್ಲ ಎಂದು ಗೊತ್ತಾಗುತ್ತದೆ. ಸನಿಕೆ, ಸರಪಳಿ, ಎತ್ತಿನಗಾಡಿ, ಲಾರಿ ಇಷ್ಟೂ ಅದರಲ್ಲಿ ಪಾಲುದಾರರು.

ಕೊನೆಗೆ ಮರಗಳು ಸರಿದು ಬಯಲು, ಬಯಲಿನಲ್ಲಿ ಪಿರಮಿಡ್ಡು. 36 ಮೀಟರ್ ಎತ್ತರ, ಏಳು ಹಂತ. ಮುಂದಿನ ಕಲ್ಲಿನ ಮೆಟ್ಟಲು ಸವೆದು ಅಪಾಯವಾದ್ದರಿಂದ ಮುಚ್ಚಿದ್ದಾರೆ, ಉತ್ತರದ ಬದಿಯಲ್ಲಿ ಮರದ ಮೆಟ್ಟಲು ಕಟ್ಟಿದ್ದಾರೆ. ತುದಿಯಲ್ಲಿ ತ್ರಿಭುವನೇಶ್ವರ ಎಂಬ ಹೆಸರಿನ ಲಿಂಗವಿತ್ತು, ಈಗ ಇಲ್ಲ. ಸುತ್ತ ಕಾಡು ಕಾಣುತ್ತದೆ. ಚೆನ್ನಾಗಿದೆ, ಆದರೆ ಎಲ್ಲರೂ ಇದೊಂದಕ್ಕೇ ಬಂದು ಹೋಗುವುದೇಕೋ ನನಗೆ ಅರ್ಥವಾಗುವುದಿಲ್ಲ. ಪ್ರಸಾತ್ ಚೆನ್‌ನಲ್ಲಿ ನಾವಿಬ್ಬರೇ ಇದ್ದೆವು, ಇಲ್ಲಿ ಮೆಟ್ಟಲಿಗೆ ಸರದಿ.

ಹೋಗುವವರಿಗೆ ಇನ್ನೊಂದೆರಡು ಮಾತು. ಯುದ್ಧಕಾಲದಲ್ಲಿ ಈ ಕಾಡಿನಲ್ಲಿ ನೆಲಬಾಂಬುಗಳನ್ನು ಹೂಳಿದ್ದರು. ಗುಡಿಗಳ ಸುತ್ತಲಿನ ಜಾಗವನ್ನು ಶುದ್ಧಮಾಡಿದ್ದಾರೆ, ಹಾಗೆಂದು ಫಲಕವನ್ನೂ ಹಾಕಿದ್ದಾರೆ. ಆದರೂ ಜನ ನಡೆದು ಸವೆದ ದಾರಿ ಬಿಟ್ಟು ಪೊದೆಯೊಳಗೆ ಒಂದು ಹೆಜ್ಜೆಯೂ ಇಡಬೇಡಿ, ಒಳ್ಳೆಯ ಫೋಟೋ ಸಿಗುತ್ತದೆಂದಾಗಲಿ ಮೂತ್ರವಿಸರ್ಜನೆಗಾಗಲಿ. ಗುಡಿಯೊಳಗೆ ತೂಗುವ ಕಲ್ಲಿನ ಕೆಳಗೆ ನಿಲ್ಲಬೇಡಿ. ಮರದ ಆಧಾರ ಕೊಟ್ಟಿರುವ ಕಡೆ ಅದನ್ನು ನಂಬಿ ಒರಗಬೇಡಿ. ನಾವು ಹೋಗಿದ್ದು 2025ರಲ್ಲಿ ಥಾಯ್ಲೆಂಡ್ ಗಡಿಯಲ್ಲಿ ಕಾದಾಟ ನಡೆಯುವುದಕ್ಕೆ ಮುಂಚೆ. ಗಡಿ ಇರುವುದು ಇದೇ ಪ್ರಾಂತ್ಯದ ಉತ್ತರ ತುದಿಯಲ್ಲಿ, ಆದ್ದರಿಂದ ಹೊರಡುವ ವಾರದ ಸುದ್ದಿಯನ್ನು ನೋಡಿಕೊಂಡು, ನಮ್ಮ ರಾಯಭಾರ ಕಚೇರಿಯ ಸೂಚನೆಯನ್ನು ಓದಿಕೊಂಡು ತೀರ್ಮಾನಿಸಿ. 2023ರ ಸೆಪ್ಟೆಂಬರಿನಲ್ಲಿ ಕೋ ಕೆರ್ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಜನ ಹೆಚ್ಚುತ್ತಾರೆ, ರಸ್ತೆ ಇನ್ನೂ ಸುಧಾರಿಸುತ್ತದೆ, ಟಿಕೆಟ್ಟಿನ ಬೆಲೆಯೂ ಏರಬಹುದು.

ಪ್ರಸಾತ್ ಬಾಕ್ ಎಂಬ ಗುಡಿಯಿಂದ ಕಳವಾದ ಟನ್‌ಗಟ್ಟಲೆ ತೂಕದ ಗಣೇಶನನ್ನೂ, ನವಿಲೇರಿದ ಆ ಸ್ಕಂದನನ್ನೂ ಅಮೆರಿಕ 2022ರ ಆಗಸ್ಟಿನಲ್ಲಿ ಕಾಂಬೋಡಿಯಕ್ಕೆ ಒಪ್ಪಿಸಿತು. ಇಬ್ಬರನ್ನೂ ನಾನಿನ್ನೂ ಕಣ್ಣಾರೆ ನೋಡಿಲ್ಲ. ಸ್ಕಂದನ ಪೀಠ ನಿಂತಿದ್ದಿರಬಹುದಾದ ಕ್ರಚಾಪ್‌ನ ನೆಲದ ನಕ್ಷೆ ಪುಸ್ತಕದಲ್ಲಿದೆ. ಎದುರಿನ ಹಾಳೆಯನ್ನು ಬರೆಯದೆ ಬಿಟ್ಟಿದ್ದೇನೆ.